ಫೇಲಪ್ಪನವರ ಬಲಗಾಲು

ಮನೆಯ ಯಜಮಾನ ಅನ್ನಿಸಿಕೊಂಡವನು ಸಂಜೆ ಕಚೇರಿಯಿಂದ ಬಂದರೆ ಅವನಿಗೆ ಕೂರಲು ಒಂದು ಕುರ್ಚಿ ಇರಬೇಕೋ ಬೇಡವೋ, ನೀವೇ ಹೇಳಿ. ಸಿಂಹಾಸನ ಕೇಳುತ್ತಿಲ್ಲ ಸ್ವಾಮಿ. ನಾಲ್ಕು ಕಾಲು, ಒಂದು ಬೆನ್ನು, ಅಷ್ಟೇ. ಆದರೆ ಫೇಲಪ್ಪನವರು ಬಾಗಿಲು ತಳ್ಳಿ ನೋಡಿದರೆ ಹಜಾರದಲ್ಲಿ ಕುರ್ಚಿಯೂ ಇಲ್ಲ, ಸೋಫಾವೂ ಇಲ್ಲ, ಟೀಪಾಯಿಯೂ ಇಲ್ಲ. ಸೋಫಾ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತಿತ್ತು. ಟೀಪಾಯಿ ಅದರ ಮೇಲೆ ಕಾಲು ಮೇಲೆ ಮಾಡಿ ಮಲಗಿತ್ತು. ಹಜಾರದ ತುಂಬ ಒಂದು ಬಿಳಿ ಮ್ಯಾಟು, ಅದರ ಮೇಲೆ ದಪ್ಪ ಕಪ್ಪು ಗೆರೆಗಳು, ಗೆರೆಗಳ ಸುತ್ತ ಮೂವರು ಹುಡುಗಿಯರು ಮೊಣಕಾಲೂರಿ ಕೂತಿದ್ದರು.

"ಚಪ್ಪಲಿ!" ಎಂದು ಮೂವರೂ ಒಟ್ಟಿಗೆ ಕಿರುಚಿಕೊಂಡರು.

ಇದು ಸ್ವಾಗತ! ಸ್ವಂತ ಮನೆ, ಸ್ವಂತ ಚಪ್ಪಲಿ, ಆ ಮೂವರಲ್ಲಿ ಒಬ್ಬಳು ಸ್ವಂತ ಮಗಳು. ಫೇಲಪ್ಪನವರು ಎತ್ತಿದ ಕಾಲನ್ನು ಎತ್ತಿದ ಹಾಗೇ ಹಿಡಿದು ಕೊಕ್ಕರೆಯಂತೆ ನಿಂತರು.

"ಅಪ್ಪಾ, ಮ್ಯಾಟ್ ಮೇಲೆ ಧೂಳು ಬಿದ್ರೆ ಸೆನ್ಸರಿಗೆ ಗೆರೆ ಕಾಣಲ್ಲ," ಎಂದಳು ಮಗಳು, ತಲೆಯನ್ನೂ ಎತ್ತದೆ.

"ನಿಮ್ಮಪ್ಪ ಕಾಣ್ತಾನಾ ಅದಕ್ಕೆ?"

"ಗೆರೆ ಥರ ಇರೋದು ಮಾತ್ರ ಕಾಣತ್ತಪ್ಪ. ನೀನು ಗೆರೆ ಥರ ಇಲ್ವಲ್ಲ."

ಫೇಲಪ್ಪನವರು ಹೊಟ್ಟೆಯನ್ನು ಒಳಗೆಳೆದುಕೊಂಡು ಹೆಂಡತಿಯನ್ನು ಕೂಗಿದರು. ಆಕೆ ಆಸ್ಪತ್ರೆಯಲ್ಲಿ ನರ್ಸು. ಡ್ಯೂಟಿ ಮುಗಿಸಿ ಬಂದು ಸೋಫಾದ ಆಚೆ ಅಡುಗೆಮನೆಯಲ್ಲಿ ಸೆರೆಯಾಗಿದ್ದರು.

"ಏನೇ ಇದು ಅವತಾರ? ನಾನೆಲ್ಲಿ ಕೂರ್ಲಿ?"

"ಕುರ್ಚಿ ಬಚ್ಚಲಲ್ಲಿದೆ, ಕೂತ್ಕೊಳ್ಳಿ. ಕಾಫಿ ಅಲ್ಲಿಗೇ ತರ್ತೀನಿ."

ಮೈ ಉರಿಯದೆ ಇನ್ನೇನಾಗುತ್ತದೆ? ಅದೂ ಯಾರಿಗೆ? ಊರಿಗೆ ಊರೇ ಯಾರ ಹೆಸರು ಕೇಳಿದರೆ ಸ್ಟೀರಿಂಗ್ ಹಿಡಿದ ಕೈ ನಡುಗುತ್ತದೋ ಅಂಥವರಿಗೆ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಆದರೆ ಅವರು ಡ್ರೈವಿಂಗ್ ಲೈಸೆನ್ಸ್ ಕೊಡುವ ಕಚೇರಿಯಲ್ಲಿ ಪರೀಕ್ಷಕರಾದ ಮೇಲೆ ಆ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿಯಿತು. ಇಂಡಿಕೇಟರ್ ಹಾಕುವುದು ಚೂರು ತಡವಾದರೆ ಫೇಲು. ಕನ್ನಡಿ ನೋಡುವ ಬದಲು ಕನ್ನಡಿಯಲ್ಲಿ ಮುಖ ನೋಡಿಕೊಂಡರೆ ಫೇಲು. ಸ್ವಂತ ಭಾವಮೈದುನ, ಹೆಂಡತಿಯ ಒಬ್ಬನೇ ಒಬ್ಬ ತಮ್ಮ, ಬ್ರೇಕನ್ನು ಒಂದಿಷ್ಟು ಜೋರಾಗಿ ಒತ್ತಿದನೆಂದು ಅವನನ್ನೂ ಕೆಳಗಿಳಿಸಿ ಕಳಿಸಿದ್ದರು. (ಅವತ್ತಿನಿಂದ ಮನೆಯ ಕಾಫಿ ನೀರಾಗಿದೆ ಎಂಬುದು ಅವರ ಗುಮಾನಿ.) ಜನ ಹಿಂದಿನಿಂದ ಫೇಲಪ್ಪ ಎನ್ನುವುದು ಅವರಿಗೆ ಗೊತ್ತಿತ್ತು. ಕೇಳಿಸದವರಂತೆ ನಡೆದರೂ ಒಳಗೊಳಗೇ ಹಿಗ್ಗುತ್ತಿದ್ದರು.

ಆ ಹುಡುಗಿಯರ ವಿಷಯಕ್ಕೆ ಬರೋಣ. ಅವರು ಶಾಲೆಯ ರೋಬೋ ತಂಡ. ಮಗಳು ನಾಯಕಿ. ದಪ್ಪ ಕನ್ನಡಕದ ಸೋಡಾಬುಡ್ಡಿ ಕೋಡ್ ಬರೆಯುವವಳು. ಸದಾ ಕಿವಿಯ ಮೇಲೆ ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡಿರುವ ತಿರುಪು ಎಂಬವಳು ಯಂತ್ರ ಜೋಡಿಸುವವಳು. ಇವರು ಮೂವರೂ ಸೇರಿ ಹೆತ್ತ ಕೂಸು ಜೀರುಂಡೆ: ಬೂಟಿನ ಡಬ್ಬಿಯಷ್ಟು ದೊಡ್ಡದು, ಎರಡು ಚಕ್ರ, ಮುಂದೆ ಎರಡು ಕೊಂಡಿ, ಓಡುವಾಗ ಜೀರ್ ಎನ್ನುವ ಸದ್ದು. ಅದು ಮೂಲೆಯಿಂದ ಹೊರಟು, ಗೆರೆ ಹಿಡಿದು ಹೋಗಿ, ತಿರುವಿನಲ್ಲಿ ತಿರುಗಿ, ಕೆಂಪು ಚೆಂಡನ್ನು ಕಚ್ಚಿ ತಂದು ಡಬ್ಬಿಗೆ ಹಾಕಿ ವಾಪಸು ಬರಬೇಕು. ಹೋದ ವರ್ಷ ಶಾಲೆಯ ಅಂಗಳದಲ್ಲಿ ಎಲ್ಲರೆದುರು ಅದು ಇದ್ದಲ್ಲೇ ಗಿರಗಿರನೆ ಸುತ್ತಿ, ಆಮೇಲೆ ಚೆಂಡನ್ನು ಬಿಟ್ಟು ಅತಿಥಿಗಳ ಬೂಟಿನ ಲೇಸನ್ನು ಕಚ್ಚಿ ಎಳೆದಿತ್ತು. ಹೆಡ್ ಮೇಡಂ ಅವತ್ತೇ ಖಡಾಖಂಡಿತ ಹೇಳಿದ್ದರು: ಮುಂದಿನ ಸಲ ಮೊದಲು ನನ್ನೆದುರು ನೆಟ್ಟಗೆ ಓಡಿಸಿ ತೋರಿಸಿ, ಓಡಿದರೆ ಸ್ಪರ್ಧೆಗೆ ಹೋಗಿ, ಇಲ್ಲದಿದ್ದರೆ ಸಾಮಾನೆಲ್ಲ ಕಿರಿಯ ತರಗತಿಯವರಿಗೆ ಕೊಟ್ಟು ತಂಡದ ಬಾಗಿಲು ಮುಚ್ಚಿ. ಮಗಳು ಅಂದಿನಿಂದ ಊಟ, ನಿದ್ದೆ, ಜಗಳ ಎಲ್ಲವನ್ನೂ ಅರ್ಧಕ್ಕೆ ಇಳಿಸಿದ್ದಳು.

"ಹೋದ ವರ್ಷ ತಪ್ಪು ನಮ್ದೇ ಅಂಕಲ್," ಎಂದಳು ಸೋಡಾಬುಡ್ಡಿ, ಬಚ್ಚಲಿನ ಬಾಗಿಲಲ್ಲಿ ನಿಂತು. ಕುರ್ಚಿಯ ಮೇಲೆ ಕೂತು ಕಾಫಿ ಹೀರುತ್ತಿದ್ದವರು ಕಣ್ಣು ಕೆಂಪಗೆ ಮಾಡಿ ನೋಡಿದರೂ ಆ ಕನ್ನಡಕ ದಾಟಿ ಏನೂ ಒಳಗೆ ಹೋಗಲಿಲ್ಲ. "ಕೊನೇ ಗಳಿಗೇಲಿ ಮೂರೂ ಜನ ಮೂರು ಕಡೆ ಕೈಯಾಡಿಸಿದ್ವಿ. ಯಾವುದರಿಂದ ಕೆಟ್ಟಿತು ಅಂತಾನೇ ಗೊತ್ತಾಗ್ಲಿಲ್ಲ. ಈಗ ಹಾಗಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ. ಮುಟ್ಟೋಕೆ ಮುಂಚೆ, ನೆಟ್ಟಗೆ ಓಡ್ತಿದ್ದ ಪ್ರೋಗ್ರಾಂನ ಒಂದು ಕಾಪಿ ಎತ್ತಿಡ್ಬೇಕು. ಒಬ್ಬರು ಬರೆದಿದ್ದನ್ನ ಇನ್ನೊಬ್ಬರು ಓದ್ಬೇಕು. ಮತ್ತೆ, ಬರೆದವರು ಯಾರೂ ಪರೀಕ್ಷೆ ಮಾಡ್ಬಾರ್ದು."

"ಯಾಕೆ?"

"ಬರೆದವರಿಗೆ ಪಾಸಾಗ್ಲಿ ಅಂತ ಆಸೆ ಇರತ್ತಲ್ಲ ಅಂಕಲ್. ಕಣ್ಣೆದುರು ತಪ್ಪಿದ್ರೂ ಕಾಣಲ್ಲ."

ಫೇಲಪ್ಪನವರು ಲೋಟ ಕೆಳಗಿಟ್ಟರು. ಇಷ್ಟು ವರ್ಷ ಕಚೇರಿಯಲ್ಲಿ ಅವರು ಗಂಟಲು ಹರಿದುಕೊಂಡು ಹೇಳಿದ್ದ ಮಾತು! ಮೇಲಧಿಕಾರಿಗೆ ಅರ್ಥವಾಗಿರಲಿಲ್ಲ, ಡ್ರೈವಿಂಗ್ ಶಾಲೆಯವರಿಗೆ ಅರ್ಥವಾಗಿರಲಿಲ್ಲ, ಈ ಗೇಣುದ್ದದ ಹುಡುಗಿಗೆ ಅರ್ಥವಾಗಿದೆ.

"ಅದಕ್ಕೇ ಅಪ್ಪಾ," ಎಂದು ಮಗಳು ಹಿಂದಿನಿಂದ ತಲೆ ತೂರಿಸಿದಳು, "ಊರಲ್ಲೆಲ್ಲ ಕಟ್ಟುನಿಟ್ಟಾದ ಪರೀಕ್ಷಕ ನಮ್ಮನೇಲೇ ಇರುವಾಗ ಇನ್ಯಾರನ್ನ ಹುಡುಕೋದು? ನೀನೇ ಆಗು. ಆದ್ರೆ ಒಂದು ಮಾತು. ಪರೀಕ್ಷೆ ಮಾಡೋರು ಏನನ್ನೂ ಮುಟ್ಟೋ ಹಾಗಿಲ್ಲ."

"ನನಗೆ ಹೇಳ್ಕೊಡ್ತೀಯಾ? ಪಕ್ಕದಲ್ಲಿ ಕೂತ ಪರೀಕ್ಷಕ ಯಾವತ್ತಾದ್ರೂ ಸ್ಟೀರಿಂಗಿಗೆ ಕೈ ಹಾಕ್ತಾನೇನೇ? ಗೋಡೆಗೆ ಗುದ್ದಿದ್ರೂ ಕೈ ಕಟ್ಕೊಂಡು ಕೂತಿದ್ದೋನು ನಾನು!" (ನಿಜ. ಕಚೇರಿಯ ಹಿಂಬದಿಯ ಗೋಡೆಯಲ್ಲಿ ಇವತ್ತಿಗೂ ಗುರುತಿದೆ.)

ಅಲ್ಲಿಗೆ ಕುರ್ಚಿಯ ದುಃಖ ಮರೆತೇಹೋಯಿತು. ಮರುದಿನದಿಂದ ಫೇಲಪ್ಪನವರು ಕಚೇರಿಯಿಂದ ಬಂದವರೇ ಕಾಲು ತೊಳೆದು, ಮ್ಯಾಟಿನ ಅಂಚಿನಲ್ಲಿ ಕೈಕಟ್ಟಿ ನಿಲ್ಲತೊಡಗಿದರು. ಮೊದಲ ಸಂಜೆ ಜೀರುಂಡೆ ಹೊರಟ ಕೂಡಲೇ ಹಿಂದಕ್ಕೆ ಬಂತು. ಫೇಲು. ಎರಡನೆಯ ಸಲ ಚೆಂಡಿಗೆ ಡಿಕ್ಕಿ ಹೊಡೆದು ಸೋಫಾದ ಕೆಳಗೆ ಅಟ್ಟಿತು. ಫೇಲು. ಇನ್ನೊಮ್ಮೆ ಎಲ್ಲವನ್ನೂ ಸರಿಯಾಗಿ ಮಾಡಿ, ಮೂಲೆಗೆ ಬಂದು ನಿಲ್ಲುವಾಗ ಗೆರೆಯಿಂದ ಒಂದು ಬೆರಳು ಆಚೆ ನಿಂತಿತು.

"ಫೇಲ್."

"ಒಂದೇ ಬೆರಳು ಅಂಕಲ್!" ಎಂದಳು ತಿರುಪು.

"ರಸ್ತೇಲಿ ಆ ಒಂದು ಬೆರಳಲ್ಲಿ ನನ್ನ ಕಾಲಿರತ್ತಮ್ಮ."

ಹುಡುಗಿಯರು ಬೇಜಾರು ಮಾಡಿಕೊಳ್ಳಲಿಲ್ಲ, ಅದೇ ಆಶ್ಚರ್ಯ. ಅವರು ಫೇಲು ಮಾಡಿದಷ್ಟೂ ಇವರು ಖುಷಿಯಾಗಿ ಗುಸುಗುಸು ಮಾತಾಡಿಕೊಂಡು, ಒಂದು ಕಡೆ ಮಾತ್ರ ತಿದ್ದಿ, ಒಬ್ಬಳು ಬರೆದದ್ದನ್ನು ಇನ್ನೊಬ್ಬಳು ಜೋರಾಗಿ ಓದಿ, ಮತ್ತೆ ಓಡಿಸುತ್ತಿದ್ದರು. ಕಚೇರಿಯಲ್ಲಿ ಫೇಲಾದವರು ಶಾಪ ಹಾಕಿ ಹೋಗುತ್ತಾರೆ. ಇಲ್ಲಿ "ಥ್ಯಾಂಕ್ಸ್ ಅಂಕಲ್" ಅನ್ನುತ್ತಾರೆ! ಫೇಲಪ್ಪನವರಿಗೆ ಎದೆ ತುಂಬಿಬಂತು. ಜೀರುಂಡೆಯೂ ದಿನೇದಿನೇ ಸುಧಾರಿಸಿತು.

ಆಮೇಲೆ ತಿರುವಿನ ಕಾಟ ಶುರುವಾಯಿತು. ಗೆರೆ ಹಿಡಿದು ನೆಟ್ಟಗೆ ಬರುವ ಪ್ರಾಣಿ, ತಿರುವಿನಲ್ಲಿ ಮುಕ್ಕಾಲು ತಿರುಗಿ ಸಾಕೆಂದು ಬಿಡುತ್ತಿತ್ತು. ಬಿಟ್ಟು ಸೀದಾ ಗೋಡೆಯ ಕಡೆ ಹೊರಡುತ್ತಿತ್ತು. ಸೋಡಾಬುಡ್ಡಿ ಒಂದು ಅಂಕಿ ಹೆಚ್ಚಿಸಿದಳು. ಆಗ ಜಾಸ್ತಿ ತಿರುಗಿತು. ಇಳಿಸಿದಳು, ಕಮ್ಮಿ ತಿರುಗಿತು. ಒಂದು ಸಂಜೆ ಸರಿಹೋದದ್ದು ಅದೇ ಸಂಜೆ ಸ್ವಲ್ಪ ಹೊತ್ತಿಗೆ ಕೆಟ್ಟಿತು. ಫೇಲು, ಫೇಲು, ಫೇಲು. ಮೇಡಂ ಎದುರು ಓಡಿಸುವ ದಿನ ಹತ್ತಿರ ಬಂತು. ಗುಸುಗುಸು ನಿಂತಿತು. ಥ್ಯಾಂಕ್ಸೂ ನಿಂತಿತು. ಮಗಳ ಮುಖ ಬಾಡಿತು.

ಒಂದು ಸಂಜೆ ಜೀರುಂಡೆ ಮತ್ತೆ ತಿರುವಿಗೆ ಬಂತು. ತಿರುಪು ಡಬ್ಬಿಯ ಹತ್ತಿರ ಬೆನ್ನು ತಿರುಗಿಸಿ ಚೆಂಡು ಒರೆಸುತ್ತಿದ್ದಳು. ಸೋಡಾಬುಡ್ಡಿಯ ಮೂಗು ಲ್ಯಾಪ್‌ಟಾಪಿನೊಳಗಿತ್ತು. ಮಗಳು ಮಾತ್ರ ಎರಡೂ ಕೈ ಬಾಯಿಗಿಟ್ಟುಕೊಂಡು ನಿಂತಿದ್ದಳು, ಮತ್ತು ಅವಳು ಜೀರುಂಡೆಯನ್ನು ನೋಡುತ್ತಿರಲಿಲ್ಲ. ಅಪ್ಪನ ಮುಖ ನೋಡುತ್ತಿದ್ದಳು. ಅಪ್ಪನ ತುಟಿ ಫೇಲು ಎನ್ನಲು ಈಗ ತೆರೆಯುತ್ತದೆ, ಈಗ ತೆರೆಯುತ್ತದೆ ಎಂದು ಕಾಯುತ್ತಿದ್ದಳು. ಆ ಕಣ್ಣು ನೋಡಿ ಫೇಲಪ್ಪನವರ ಕರುಳು ಚುರ್ ಎಂದಿತು. ಚುರ್ ಎಂದದ್ದು ಕರುಳು, ಮುಂದೆ ಹೋದದ್ದು ಬಲಗಾಲು. ಹೆಬ್ಬೆರಳು ಮೆತ್ತಗೆ ಜೀರುಂಡೆಯ ಸೊಂಟವನ್ನು ಮುಟ್ಟಿತು, ಮುಕ್ಕಾಲು ತಿರುಗಿದ್ದು ಪೂರ್ತಿ ತಿರುಗಿತು, ಕೆಂಪು ಚೆಂಡು ಡಬ್ಬಿಗೆ ಬಿತ್ತು.

"ಪಾಸ್," ಎಂದರು ಫೇಲಪ್ಪನವರು. ಅಭ್ಯಾಸವಿಲ್ಲದ ಪದ, ಕೆಮ್ಮಿನ ಜೊತೆ ಬಂತು.

ಆಮೇಲಿನ ಕಿರುಚಾಟಕ್ಕೆ ಪಕ್ಕದ ಮನೆಯವರು ಓಡಿಬಂದರು. "ಅಪ್ಪ ಪಾಸ್ ಅಂದ್ರೆ ಪಾಸೇ!" ಎಂದು ಮಗಳು ಕೊರಳಿಗೆ ಜೋತುಬಿದ್ದಳು. ಸೋಡಾಬುಡ್ಡಿ ತಕ್ಷಣ ಆ ಪ್ರೋಗ್ರಾಂನ ಕಾಪಿ ಎತ್ತಿಟ್ಟು, ಅದಕ್ಕೆ 'ನೆಟ್ಟಗೆ ಓಡಿದ್ದು, ಯಾರೂ ಮುಟ್ಟಬಾರದು' ಎಂದು ಹೆಸರಿಟ್ಟಳು. ಇನ್ನು ಮುಂದಿನ ಕೆಲಸವೆಲ್ಲ ಅದರ ಮೇಲೇ.

ಫೇಲಪ್ಪನವರಿಗೆ ಕೋಪ ಬಂತು. ಯಾರ ಮೇಲೆ ಎಂದು ಸರಿಯಾಗಿ ಗೊತ್ತಾಗಲಿಲ್ಲವಾದ್ದರಿಂದ ಎಲ್ಲರ ಮೇಲೂ ಬಂತು. ಮಕ್ಕಳನ್ನು ಹೀಗೆ ಗೋಳು ಹೊಯ್ದುಕೊಳ್ಳುವ ಹೆಡ್ ಮೇಡಂ ಮೇಲೆ. ಸುಕ್ಕಿಲ್ಲದ ಮ್ಯಾಟು ಮಾಡಲಾರದ ಕಂಪನಿಯ ಮೇಲೆ. (ಮ್ಯಾಟಿನಲ್ಲಿ ಸುಕ್ಕಿರಲಿಲ್ಲ. ಬಗ್ಗಿ ನೋಡಿದ್ದರು.) ನಾಳೆ ಕಾಲು ಮುಂದೆ ಹೋಗಬಾರದೆಂದು ತೀರ್ಮಾನಿಸಿದರು. ನಾಳೆ ಹೋಯಿತು. ನಾಡಿದ್ದೂ ಹೋಯಿತು. ಒಮ್ಮೆ ಪಾಸು ಮಾಡಿದ ಮೇಲೆ ಅದೇ ತಿರುವಿನಲ್ಲಿ ಫೇಲು ಮಾಡಿದರೆ ಯಾಕೆ ಎಂದು ಕೇಳುವುದಿಲ್ಲವೇ? ಅದಕ್ಕೆ ಫೇಲಪ್ಪನವರು ಒಂದು ಘನಂದಾರಿ ನಿಯಮವನ್ನು ಜಾರಿಗೆ ತಂದರು: ಪರೀಕ್ಷೆ ನಡೆಯುವಾಗ ಅಭ್ಯರ್ಥಿಯ ಕಡೆಯವರು ಯಾರೂ ಒಳಗಿರಕೂಡದು. ಹುಡುಗಿಯರು ಶಿಸ್ತಾಗಿ ವರಾಂಡಕ್ಕೆ ಹೋಗಿ ನಿಂತರು. ಬಾಗಿಲು ಹಾಕಿಕೊಂಡು ಪರೀಕ್ಷಕರು ಪರೀಕ್ಷೆ ಮಾಡಿ, ಕಿಟಕಿಯಿಂದ ಪಾಸ್ ಎಂದು ಕೂಗುತ್ತಿದ್ದರು.

ಮಕ್ಕಳು ನಂಬಿದರು. ನಂಬಿ ಜೀರುಂಡೆಗೆ ಇನ್ನೊಂದು ಚೆಂಡು, ಇನ್ನೊಂದು ತಿರುವು ಕಲಿಸಿದರು. ಪರಿಣಾಮ ಏನೆಂದರೆ ಫೇಲಪ್ಪನವರು ಈಗ ಎರಡು ತಿರುವಿಗೆ ಓಡಬೇಕಾಯಿತು. ಮೊದಲ ತಿರುವಿನಲ್ಲಿ ಒಂದು ಒದೆ, ತುದಿಗಾಲಲ್ಲಿ ಜಿಗಿದು ಎರಡನೆಯ ತಿರುವಿನಲ್ಲಿ ಇನ್ನೊಂದು ಒದೆ, ನಡುವೆ ಬೆವರು ಒರೆಸಿಕೊಳ್ಳಲೂ ಬಿಡುವಿಲ್ಲ. ಈ ವಯಸ್ಸಿನಲ್ಲಿ, ಈ ಹೊಟ್ಟೆ ಹೊತ್ತು!

ಹೀಗೆ ಒಂದು ದಿನ ಎರಡನೆಯ ತಿರುವಿಗೆ ಹಾರಿದವರು ಕಾಲೂರುವಾಗ ತಲೆಯೆತ್ತಿದರೆ ಸೋಫಾದ ಆಚೆ ಹೆಂಡತಿ ನಿಂತಿದ್ದಾರೆ.

"ಎಷ್ಟು ದಿನದಿಂದ ನಡೀತಿದೆ ಈ ನೃತ್ಯ?"

"ನೃತ್ಯ ಅಲ್ಲ ಕಣೇ. ಪರೀಕ್ಷಕ ವಾಹನದ ಜೊತೆಜೊತೆಗೇ ಹೋಗ್ಬೇಕು."

"ಜೊತೆಗೆ ಹೋಗಿ ಒದೀಬೇಕಾ?"

"ಒದೆಯೋದು ಅಂದ್ರೇನು? ಮುಟ್ಟಿದೆ. ಸುಮ್ನೆ ತಾಗ್ತು."

"ನನ್ನ ತಮ್ಮ ಬ್ರೇಕ್ ಒತ್ತಿದಾಗ ಎಲ್ಲಿ ಹೋಗಿತ್ತು ರೀ ಈ ಕಾಲು?"

"ಆ ಮಾತು ಇಲ್ಲಿ ಯಾಕೆ? ಅವನು ದೊಡ್ಡೋನು. ಇವು ಮಕ್ಕಳು. ಅವಳ ಮುಖ ನೋಡಿದ್ಯಾ ನೀನು?"

"ನೋಡ್ದೆ ಇರ್ತೀನಾ? ನಾನೂ ಹೆತ್ತೋಳೇ," ಎಂದರು ಆಕೆ. "ಜ್ವರ ಇರೋ ಮಗೂಗೆ ಜ್ವರ ಇಲ್ಲ ಅಂತ ಬರೆದ್ರೆ ಮಗು ಹುಷಾರಾಗತ್ತಾ? ಇವತ್ತೇ ಹೇಳ್ಬಿಡಿ."

"ನಾಳೆ ಹೇಳ್ತೀನಿ."

"ಇವತ್ತು."

"ನಾಳೆ ಅಂದ್ನಲ್ಲ! ನನ್ನ ಮಾತಿಗೆ ಈ ಮನೇಲಿ ಬೆಲೆ ಇಲ್ವಾ?"

ನಾಳೆ ಎಂಬುದು ಬಂತು, ಆದರೆ ಕೈಯಲ್ಲಿ ಹೆಡ್ ಮೇಡಂ ಕರೆ ಹಿಡಿದು ಬಂತು. ಬೆಳಿಗ್ಗೆಯೇ ಫೋನು: ನಾಡಿದ್ದು ಓಡಿಸಬೇಕೆಂದಿದ್ದದ್ದು ಇವತ್ತೇ ಆಗಲಿ, ತಂಡದ ಪರೀಕ್ಷಕರೂ ಬರಲಿ. ಮಗಳು ಅಪ್ಪನ ಒಳ್ಳೆಯ ಅಂಗಿಗೆ ತಾನೇ ಇಸ್ತ್ರಿ ಹಾಕಿ ತಂದಳು. ಆ ಅಂಗಿ ಹಾಕಿಕೊಂಡು ಹೇಗೆ ಹೇಳುವುದು, ನೀವೇ ಹೇಳಿ. ಹೆಂಡತಿ ಏನೂ ಮಾತಾಡದೆ ರಜೆ ಹಾಕಿ ಜೊತೆಗೆ ಹೊರಟರು. ಅದು ಬೈಗುಳಕ್ಕಿಂತ ಕಷ್ಟವಾಗಿತ್ತು.

ಶಾಲೆಯ ಪ್ರಯೋಗಾಲಯದಲ್ಲಿ ಹೆಡ್ ಮೇಡಂ ಎದ್ದು ನಿಂತು ಕೈಮುಗಿದರು. "ನಿಮ್ಮನ್ನ ಮರೆಯೋದು ಹೇಗೆ ಸಾಧ್ಯ ಸಾರ್? ನಿಮ್ಮ ದಯದಿಂದ ನಾನು ಇವತ್ತಿಗೂ ಬಸ್ಸಲ್ಲೇ ಬರ್ತಿದ್ದೀನಿ." ಆಮೇಲೆ ಹುಡುಗಿಯರ ಕಡೆ ತಿರುಗಿ, "ಇವರು ಪಾಸ್ ಮಾಡಿದಾರೆ ಅಂದ್ಮೇಲೆ ನಾನೇನಮ್ಮ ನೋಡೋದು? ಇವರ ಕೈಲಿ ಪಾಸಾಗಿರೋದು ಅಂದ್ರೆ ಸಾಮಾನ್ಯಾನಾ? ಸಾರ್, ಇಲ್ಲೊಂದು ಸಹಿ ಹಾಕ್ಬಿಡಿ. ಓಡಿಸೋದೇ ಬೇಡ, ತಂಡ ಸೀದಾ ಸ್ಪರ್ಧೆಗೆ ಹೋಗ್ಲಿ," ಎಂದು ಪೆನ್ನು ಚಾಚಿದರು.

ಒಂದು ಸಹಿ! ಹಾಕಿದರೆ ಮಗಳು ಗೆದ್ದಳು, ಕಾಲಿನ ವಿಷಯ ಅಲ್ಲೇ ಮಣ್ಣಾಯಿತು. ಫೇಲಪ್ಪನವರು ಪೆನ್ನು ಹಿಡಿದರು. ಹಿಂದೆ ಹೆಂಡತಿ ಕೆಮ್ಮಿದರು. ಆದರೆ ಕೈ ತಡೆದದ್ದು ಆ ಕೆಮ್ಮಲ್ಲ. ಓಡದ ವಾಹನಕ್ಕೆ ಸಹಿ ಹಾಕು ಎಂದು ಅವರ ಮೇಲಧಿಕಾರಿಯೂ ಹೇಳಿದ್ದ, ಅವರಿವರು ಹೇಳಿಸಿದ್ದೂ ಉಂಟು. ಅವರ ಕೈ ಎಂದೂ ಏಳಲಿಲ್ಲ. ಇವತ್ತೂ ಏಳಲಿಲ್ಲ. ಅವರಿಗೆ ತಮ್ಮ ಕೈಯ ಮೇಲೇ ಸಿಟ್ಟು ಬಂತು. ಕಾಲಿಗೆ ಇಲ್ಲದ ಬಿಗುಮಾನ ಇದಕ್ಕೇಕೆ?

"ಇಲ್ಲ ಮೇಡಂ. ಓಡ್ಲಿ. ಓಡದೆ ನನ್ನ ಸಹಿ ಬೀಳಲ್ಲ."

"ಅದೇ ನಮ್ಮಪ್ಪ ಅಂದ್ರೆ!" ಎಂದಳು ಮಗಳು ಹೆಮ್ಮೆಯಿಂದ. ಅಪ್ಪ ಪೆನ್ನನ್ನು ಮೇಡಂ ಕೈಗೇ ವಾಪಸು ಕೊಟ್ಟರು.

ಆಗ ಅವರ ಕಣ್ಣಿಗೆ ಬಿದ್ದದ್ದು ಮೇಜು. ಶಾಲೆಯಲ್ಲಿ ಮ್ಯಾಟು ನೆಲದ ಮೇಲಿರಲಿಲ್ಲ. ಸೊಂಟದೆತ್ತರದ ಉದ್ದನೆಯ ಮೇಜಿನ ಮೇಲೆ ಹಾಸಿದ್ದರು. ಕಾಲಿಗೆ ಅಲ್ಲಿ ಏನು ಕೆಲಸ?

ಜೀರುಂಡೆ ಹೊರಟಿತು. ಜೀರ್ ಎಂದು ಗೆರೆ ಹಿಡಿದು ಬಂತು. ಮಗಳು ಬೆಳಿಗ್ಗೆಯಿಂದ ತರಗತಿ ತರಗತಿಗೂ ಅದನ್ನು ಬರೀ ನೆಲದ ಮೇಲೆ, ತಿರುವಿಲ್ಲದೆ ಸೀದಾ ಓಡಿಸಿ ತೋರಿಸಿ ಬಂದಿದ್ದಳು. ಮೊದಲ ತಿರುವು ಬಂತು, ಮುಕ್ಕಾಲು ತಿರುಗಿತು, ನಿಲ್ಲತೊಡಗಿತು. ಫೇಲಪ್ಪನವರ ಬಲಗಾಲು ಯಾರನ್ನೂ ಕೇಳದೆ ಮೇಜಿನ ಕಾಲಿಗೆ ಬಡಿಯಿತು. ಮೇಜು ನಡುಗಿತು, ಜೀರುಂಡೆ ಹೇಗೋ ತಿರುಗಿಕೊಂಡಿತು. ಎರಡನೆಯ ತಿರುವು ಬಂತು. ಈ ಸಲ ಫೇಲಪ್ಪನವರು ಆಕಳಿಸುವವರಂತೆ ಮೈಮುರಿದು, ಹೊಟ್ಟೆಯನ್ನು ಮೇಜಿನ ಅಂಚಿಗೆ ಕೊಟ್ಟು ಮೆಲ್ಲನೆ ಒತ್ತಿದರು. ಪಾಪ, ಮೇಜಿನ ಕಾಲುಗಳಿಗೆ ಸಣ್ಣ ಚಕ್ರಗಳಿದ್ದವೆಂದು ಅವರಿಗೇನು ಗೊತ್ತು? ಮೇಜು ಹೊರಟೇಬಿಟ್ಟಿತು. ಮೇಜಿನ ಹಿಂದೆ ಹೊಟ್ಟೆ, ಹೊಟ್ಟೆಯ ಹಿಂದೆ ಫೇಲಪ್ಪನವರು. ಎದುರಿಗಿದ್ದ ಹೆಡ್ ಮೇಡಂ ಗೋಡೆಗೆ ಅಂಟಿಕೊಂಡರು. ಚೆಂಡುಗಳು ನೆಲಕ್ಕುದುರಿದವು. ಜೀರುಂಡೆ ಅಂಚಿನಿಂದ ಹಾರಿದ್ದನ್ನು ತಿರುಪು ಮಡಿಲಲ್ಲಿ ಹಿಡಿದಳು.

"ಏನ್ ಸಾರ್ ಇದು?" ಎಂದರು ಹೆಡ್ ಮೇಡಂ, ಗೋಡೆಯಿಂದಲೇ.

"ಇದೊಂದು ಮೇಜಾ?" ಎಂದು ಫೇಲಪ್ಪನವರು ಗುಡುಗಿದರು. "ಚಕ್ರ ಇದ್ದಮೇಲೆ ಬ್ರೇಕ್ ಇರಬೇಡ್ವಾ? ಮಕ್ಕಳು ಓಡಾಡೋ ಜಾಗದಲ್ಲಿ ಇಂಥ ಮೇಜು ಬಿಟ್ಟೋರು ಯಾರು? ಇದನ್ನ ಪಾಸ್ ಮಾಡಿದೋರು ಯಾರು?"

"ಅಪ್ಪಾ," ಎಂದಳು ಮಗಳು. ದೊಡ್ಡ ದನಿಯಲ್ಲೇನೂ ಅಲ್ಲ. "ಮನೇಲೂ ಹೀಗೇ ಮಾಡ್ತಿದ್ಯಾ?"

ಫೇಲಪ್ಪನವರು ಮೇಜಿನ ಅಂಚಿನಿಂದ ಹೊಟ್ಟೆ ಬಿಡಿಸಿಕೊಂಡರು. "ಹೂಂ," ಎಂದರು.

"ಯಾವಾಗಿಂದ?"

"ಪಾಸಾದಾಗಿಂದ."

ಮಗಳ ಕಣ್ಣು ತುಂಬಿತು. "ನೀನು ಫೇಲ್ ಅಂದಿದ್ರೆ ನಾವು ಸರಿ ಮಾಡ್ತಿದ್ವಲ್ಲಪ್ಪ," ಎಂದಳು. "ನಾವು ನಿನ್ನ ಕರೆದಿದ್ದು ಅದಕ್ಕೆ ತಾನೇ?"

ಕಚೇರಿಯ ಅಂಗಳದಲ್ಲಿ ಫೇಲಾದವರು ಅವರಿಗೆ ಏನೇನು ಅಂದಿಲ್ಲ! ಒಂದೂ ನಾಟಿರಲಿಲ್ಲ. ಇದು ನಾಟಿತು. ಫೇಲಪ್ಪನವರು ಇಸ್ತ್ರಿಯ ಅಂಗಿಯಲ್ಲಿ ಸಣ್ಣಗಾಗಿ ನಿಂತರು.

ಸೋಡಾಬುಡ್ಡಿಗೆ ಮಾತ್ರ ಅಳುವುದಕ್ಕೆ ಪುರುಸೊತ್ತಿರಲಿಲ್ಲ. ಅವಳು ಕನ್ನಡಕ ಮೇಲೇರಿಸಿ ಅವರ ಮುಂದೆ ಬಂದು ನಿಂತಳು. "ಅಂಕಲ್, ಎಲ್ಲೆಲ್ಲಿ ಒದ್ದಿರಿ?"

"ತಿರುವಲ್ಲಮ್ಮ."

"ಗೆರೆ ಮೇಲೆ? ಚೆಂಡಿನ ಹತ್ರ?"

"ಅಲ್ಲೆಲ್ಲ ಬೇಕಾಗ್ಲೇ ಇಲ್ಲ. ತಿರುವಲ್ಲಿ ಮಾತ್ರ."

"ಪ್ರತೀ ಸಲಾನೂ?"

ಫೇಲಪ್ಪನವರು ಯೋಚಿಸಿದರು. ಹೇಳಿಕೇಳಿ ಪರೀಕ್ಷಕರು, ಒದೆಯುವಾಗಲೂ ಕಣ್ಣು ಕೆಲಸ ಮಾಡುತ್ತಲೇ ಇತ್ತು. "ಇಲ್ಲ. ಭಾನುವಾರ ಬೆಳಿಗ್ಗೆ ಬೇಕಾಗ್ತಿರ್ಲಿಲ್ಲ. ಮೊದಲ ಒಂದೆರಡು ಸಲ ತಾನೇ ತಿರುಗೋದು. ಓಡ್ತಾ ಓಡ್ತಾ ಸುಸ್ತಾದ ಹಾಗೆ ಆಗೋದು. ಸಂಜೆ ಹೊತ್ತಿಗಂತೂ ಜೋರಾಗೇ ಒದೀಬೇಕಾಗ್ತಿತ್ತು."

"ಬ್ಯಾಟರಿ!" ಎಂದು ಸೋಡಾಬುಡ್ಡಿಯೂ ತಿರುಪೂ ಒಟ್ಟಿಗೆ ಚೀರಿದರು. ವಿಷಯ ಇಷ್ಟೇ: ತಿರುವಿನಲ್ಲಿ ಇಷ್ಟು ಹೊತ್ತು ತಿರುಗು ಎಂದು ಬರೆದಿದ್ದರು. ಬ್ಯಾಟರಿ ತುಂಬಿದ್ದಾಗ ಆ ಹೊತ್ತಿನಲ್ಲಿ ಪೂರ್ತಿ ತಿರುಗುತ್ತಿತ್ತು. ಬ್ಯಾಟರಿ ಇಳಿದಾಗ ಅದೇ ಹೊತ್ತಿನಲ್ಲಿ ಮುಕ್ಕಾಲು ಮಾತ್ರ. ಹೊತ್ತಿನ ಬದಲು ಚಕ್ರದ ಸುತ್ತು ಲೆಕ್ಕ ಹಾಕು ಎಂದು ಬರೆದಿದ್ದರೆ ಬ್ಯಾಟರಿಯ ಗೊಡವೆಯೇ ಇರುತ್ತಿರಲಿಲ್ಲ. ಮಗಳು ಕಣ್ಣೊರೆಸಿಕೊಂಡು ಮೇಡಂ ಕಡೆ ತಿರುಗಿ, ಊಟದ ಗಂಟೆ ಹೊಡೆಯುವವರೆಗೆ ಸಮಯ ಬೇಡಿದಳು. ಹೆಡ್ ಮೇಡಂ ಗೋಡೆ ಬಿಟ್ಟು ಈಚೆ ಬಂದು, "ಕೊಡ್ತೀನಿ. ಆದ್ರೆ ಇವರು ಆಚೆ ಹೋಗ್ಬೇಕು," ಎಂದರು.

ಫೇಲಪ್ಪನವರನ್ನು ಪರೀಕ್ಷೆಯಿಂದ ಆಚೆ ಹಾಕಿದರು! ಅವರನ್ನು! ಕಾರಿಡಾರಿನ ಬೆಂಚಿನ ಮೇಲೆ ಹೆಂಡತಿಯ ಪಕ್ಕ ಕೂತು ಬಾಗಿಲನ್ನೇ ನುಂಗುವಂತೆ ನೋಡಿದರು. ಒಳಗೆ ಮಾತು, ಆಮೇಲೆ ಮೌನ, ಆಮೇಲೆ ಒಬ್ಬಳು ಗಟ್ಟಿಯಾಗಿ ಓದುವ ದನಿ.

"ಗಂಟೆ ಹೊಡೆಯೋ ಹೊತ್ತಾಯ್ತು, ಇನ್ನೂ ಓದ್ತಾ ಕೂತಿದಾವಲ್ಲೇ! ಬೇಗ ಎರಡೂ ತಿರುವು ಬದಲಾಯಿಸಿ ಓಡಿಸ್ಬಾರ್ದಾ?"

"ಒಂದು ಸಲಕ್ಕೆ ಒಂದೇ ಅಂತ ಹೇಳ್ಲಿಲ್ವಾ ಅವಳು? ಸುಮ್ನೆ ಕೂತ್ಕೊಳ್ಳಿ."

ಜೀರ್ ಎಂದು ಶುರುವಾಯಿತು. ಎಲ್ಲಿಗೆ ಬಂತೆಂದು ಫೇಲಪ್ಪನವರಿಗೆ ಸದ್ದಿನಲ್ಲೇ ಗೊತ್ತಾಗುತ್ತಿತ್ತು. ತಿರುವು ಬಂತು. ಬಲಗಾಲು ಎದ್ದಿತು. ಹೆಂಡತಿ ಅದರ ಮೇಲೆ ತಮ್ಮ ಕಾಲಿಟ್ಟು ಒತ್ತಿ ಹಿಡಿದರು. ಒಳಗೆ ಚೆಂಡು ಡಬ್ಬಿಗೆ ಬಿದ್ದ ಟಕ್ ಎಂಬ ಸದ್ದು. ಮತ್ತೆ ಓದು, ಮತ್ತೆ ಜೀರ್, ಮತ್ತೆ ಟಕ್. ಬ್ಯಾಟರಿ ಇಳಿಯಲೆಂದೇ ಮತ್ತೆ ಮತ್ತೆ ಓಡಿಸಿದರೋ ಏನೋ, ಹೆಂಡತಿ ಕಾಲು ತೆಗೆಯುವ ಹೊತ್ತಿಗೆ ಫೇಲಪ್ಪನವರ ಬೆರಳು ಜೋಮು ಹಿಡಿದಿತ್ತು. ಬಾಗಿಲು ತೆರೆಯಿತು. ಹೆಡ್ ಮೇಡಂ ಹೊರಗೆ ಬಂದು, "ಎಲ್ಲಾ ಸಲಾನೂ ನೆಟ್ಟಗೆ ಓಡ್ತು. ನಾನು ಏನನ್ನೂ ಮುಟ್ಲಿಲ್ಲ," ಎಂದರು. ಆ ಕೊನೆಯ ಮಾತಿನ ಅವಶ್ಯಕತೆ ಇತ್ತೇ?

ಸ್ಪರ್ಧೆಯ ದಿನ ಸಭಾಂಗಣ ಕಿಕ್ಕಿರಿದಿತ್ತು. ಫೇಲಪ್ಪನವರಿಗೆ ಸಿಕ್ಕಿದ್ದು ಹಿಂದಿನ ಸಾಲು. ಸಿಕ್ಕಿದ್ದೇನು, ಮಗಳೇ ಆರಿಸಿ ಕೂರಿಸಿದ್ದಳು. ಜೀರುಂಡೆ ಒಂದೂ ತಪ್ಪಿಲ್ಲದೆ ಓಡಿತು. ಅದಕ್ಕಿಂತ ವೇಗದ ಯಂತ್ರಗಳಿದ್ದವು, ಹಾಗಾಗಿ ಓಟದ ಬಹುಮಾನ ಬೇರೆಯವರ ಪಾಲಾಯಿತು. ಅನ್ಯಾಯ ಎಂದು ಫೇಲಪ್ಪನವರು ಅರ್ಧ ಎದ್ದಿದ್ದರು, ಹೆಂಡತಿ ಅಂಗಿ ಹಿಡಿದು ಕೂರಿಸಿದರು. ಅಷ್ಟರಲ್ಲಿ ತೀರ್ಪುಗಾರರು ಒಂದೊಂದೇ ತಂಡವನ್ನು ಕರೆದು, ನಿಮ್ಮ ಪ್ರೋಗ್ರಾಂನ ಹೇಗೆ ಪರೀಕ್ಷೆ ಮಾಡಿದಿರಿ ಎಂದು ಕೇಳತೊಡಗಿದರು. ಮಗಳ ಕೈಗೆ ಮೈಕು ಬಂತು.

"ನಮ್ಮ ಪ್ರೋಗ್ರಾಂನಲ್ಲಿದ್ದ ತಪ್ಪು ನಮ್ಮಪ್ಪನ ಕಾಲ್ಕೆಳಗಿತ್ತು ಸರ್," ಎಂದು ಅವಳು ಶುರುಮಾಡಿದಳು.

ಮಾನ ಮರ್ಯಾದೆ ಎಂಬುದೊಂದು ಇರುತ್ತದಲ್ಲ, ಅದನ್ನು ಒಂದೊಂದೇ ಎಳೆಯಾಗಿ ಬಿಚ್ಚಿ ಹೇಳಿದಳು. ಅಪ್ಪ ಯಾಕೆ ಒದ್ದ, ಒದೆತದಿಂದ ಕೆಟ್ಟ ಪ್ರೋಗ್ರಾಂ ಹೇಗೆ ಒಳ್ಳೆಯದೆನಿಸಿ ಜೋಪಾನವಾಯಿತು, ಅದರ ಮೇಲೆ ಹೇಗೆ ಇನ್ನಷ್ಟು ಕಟ್ಟಿದರು, ಆಮೇಲೆ ಒದ್ದ ಜಾಗವನ್ನೇ ಗುರುತು ಮಾಡಿಕೊಂಡು ಹೇಗೆ ತಪ್ಪು ಹಿಡಿದರು. "ಈಗ ನಾವು ಪರೀಕ್ಷೆ ಮಾಡುವಾಗ ಪರೀಕ್ಷೆ ಮಾಡೋರನ್ನೂ ಒಬ್ಬರು ನೋಡ್ತಿರ್ತೀವಿ ಸರ್." ಸಭಾಂಗಣದಲ್ಲಿದ್ದ ದೊಡ್ಡವರಲ್ಲಿ ಅರ್ಧ ಜನ ಒಂದಲ್ಲ ಒಂದು ದಿನ ಫೇಲಪ್ಪನವರ ಕೈಯಲ್ಲಿ ಫೇಲಾದವರೇ. ಅವರು ನಕ್ಕ ನಗು ನಗುವಲ್ಲ, ಬಾಕಿ ವಸೂಲಿ. ಫೇಲಪ್ಪನವರು ಮುಂದಿನ ಸೀಟಿನ ಕೆಳಗೆ ಕಾಲು ಬಚ್ಚಿಟ್ಟುಕೊಂಡು ಕಿವಿಯವರೆಗೂ ಕೆಂಪಾದರು.

ಮುಖ್ಯ ತೀರ್ಪುಗಾರರು ಕಣ್ಣೀರು ಒರೆಸಿಕೊಂಡು ಎದ್ದು, ಅತ್ಯುತ್ತಮ ಪರೀಕ್ಷಾ ಪದ್ಧತಿಯ ಬಹುಮಾನ ಈ ತಂಡಕ್ಕೇ ಎಂದರು. ಚಪ್ಪಾಳೆಯೋ ಚಪ್ಪಾಳೆ. ಹುಡುಗಿಯರು ಕುಣಿದರು. ಫೇಲಪ್ಪನವರೂ ಎಲ್ಲ ಮರೆತು ಎದ್ದು ಚಪ್ಪಾಳೆ ತಟ್ಟುತ್ತಿದ್ದಾಗ ತೀರ್ಪುಗಾರರು ಮುಂದುವರಿಸಿದರು: "ಆ ತಂದೆಯವರೂ ದಯವಿಟ್ಟು ವೇದಿಕೆಗೆ ಬರಬೇಕು."

"ನಾನು ಹೋಗಲ್ಲ! ನಾನೇನು ಪ್ರದರ್ಶನದ ವಸ್ತುವಾ?"

"ಹೋಗ್ರೀ, ಮಗಳು ಕರೀತಿದಾಳೆ," ಎಂದು ಹೆಂಡತಿ ಬೆನ್ನಿಗೆ ಕೈಕೊಟ್ಟು ತಳ್ಳಿದರು.

ನಿಜಕ್ಕೂ ಕರೆಯುತ್ತಿದ್ದಳು, ಎರಡೂ ಕೈ ಬೀಸಿ. ಆ ಮುಖದ ಮೇಲಿನ ನಗು ನೋಡಿದ ಮೇಲೆ ಮಾನಕ್ಕೆ ಯಾವ ಬೆಲೆ? ಫೇಲಪ್ಪನವರು ನಗುವಿನ ನಡುವೆಯೇ ತಲೆಯೆತ್ತಿ ನಡೆದು ವೇದಿಕೆ ಹತ್ತಿದರು. ಮಗಳು ಕೈ ಹಿಡಿದು ಪಕ್ಕದಲ್ಲಿ ನಿಲ್ಲಿಸಿಕೊಂಡಳು. ಫೋಟೋದವನು ಮಂಡಿಯೂರಿ, "ಸಾರ್, ಸ್ವಲ್ಪ ಕಾಲು ಮುಂದೆ ಇಡಿ, ಕಾಲೂ ಬರ್ಲಿ," ಎಂದ. ಎಂಥ ಅಧಿಕಪ್ರಸಂಗ! ಆದರೂ ಸರ್ಕಾರಿ ಗಾಂಭೀರ್ಯ ಬಿಡದೆ ಫೇಲಪ್ಪನವರು ಎದೆ ಸೆಟೆದು, ಹೊಟ್ಟೆ ಒಳಗೆಳೆದು, ಎಡಗಾಲನ್ನು ಮುಂದಿಟ್ಟು ನಿಂತರು.

ಮಗಳು ಮೈಕು ಬಾಯಿಯ ಹತ್ತಿರವೇ ಇದೆಯೆಂಬುದನ್ನು ಮರೆತು ಪಿಸುಗುಟ್ಟಿದಳು.

"ಅಪ್ಪಾ, ಆ ಕಾಲಲ್ಲ."